ಸಪ್ಲೈಯರೇ ಎದುರಾಳಿಯಾದಾಗ ಏನು ಮಾಡಬೇಕು? ಸಣ್ಣ ಆನ್‌ಲೈನ್ ಮಾರಾಟಗಾರರಿಗೊಂದು ಸಮಗ್ರ ಮಾರ್ಗದರ್ಶಿ

ಒಂದು ಬೆಳಿಗ್ಗೆ ನೋಡಿದರೆ ನನ್ನ ಟೇಬಲ್ ಲ್ಯಾಂಪ್‌ನ ಆರ್ಡರ್ ಅರ್ಧಕ್ಕರ್ಧ ಇಳಿದಿತ್ತು. ಹಿಂದಿನ ದಿನವೂ ಹಾಗೇ ಆಗಿತ್ತು. ಲಿಸ್ಟಿಂಗ್‌ನಲ್ಲಿ ಏನಾದರೂ ಕೆಟ್ಟಿರಬಹುದು ಎಂದುಕೊಂಡು, ಗಿರಾಕಿ ಹುಡುಕುವ ಹಾಗೆ ನಾನೇ ಹುಡುಕಿದೆ. ನನ್ನ ಲ್ಯಾಂಪ್‌ಗಿಂತ ಮೇಲೆ ಇನ್ನೊಂದು ಲ್ಯಾಂಪ್ ಕೂತಿತ್ತು. ಅದೇ ಮಡಚುವ ಕುತ್ತಿಗೆ, ಅದೇ ಬಿಳಿ ಬಣ್ಣ. ಬೆಲೆ ಮಾತ್ರ ಕಡಿಮೆ. ಫೋಟೋ ದೊಡ್ಡದು ಮಾಡಿದೆ. ಕೆಳಗೆ ಎಡ ಮೂಲೆಯಲ್ಲಿ ಒಂದು ಹೆಬ್ಬೆರಳಿನ ತುದಿ ಕಾಣುತ್ತಿತ್ತು. ಉಗುರಿನ ಪಕ್ಕ ಸಣ್ಣ ಗಾಯದ ಗುರುತು. ಆ ಬೆರಳು ನನ್ನದು. ಲ್ಯಾಂಪ್ ಜಾರದಿರಲಿ ಎಂದು ಹಿಡಿದುಕೊಂಡು ನಾನೇ ತೆಗೆದಿದ್ದ ಫೋಟೋ ಅದು.

ಮಾರುತ್ತಿದ್ದವರು ಯಾರು ಅಂದರೆ, ಎರಡು ವರ್ಷದಿಂದ ನನಗೆ ಅದೇ ಲ್ಯಾಂಪ್ ಕೊಡುತ್ತಿದ್ದ ಹೋಲ್‌ಸೇಲ್ ಸಪ್ಲೈಯರ್.

ಇಂಥ ಹೊತ್ತಲ್ಲಿ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಅನಿಸುತ್ತದೆ. ನನಗೂ ಹಾಗೇ ಅನಿಸಿತು. ಆದರೆ ಸಪ್ಲೈಯರ್ ನಮ್ಮ ಬೇಲಿ ಅಲ್ಲ. ಅವರದ್ದೂ ಒಂದು ಹೊಲ, ನಮ್ಮ ಹೊಲದ ಪಕ್ಕದ್ದು. ಮೊದಲು ಅವರಿಗೆ ಗಿರಾಕಿಯ ಮನೆ ಬಾಗಿಲು ತಲುಪುವ ದಾರಿ ಇರಲಿಲ್ಲ. ಈಗ ಅಮೆಜಾನ್‌ನಂಥ ಮಾರ್ಕೆಟ್‌ಪ್ಲೇಸ್‌ಗಳು ಆ ದಾರಿ ಹಾಕಿಕೊಟ್ಟಿವೆ. ಯಾವ ಮಾಲು ಓಡುತ್ತದೆ ಅನ್ನೋದನ್ನು ಅವರು ಎಲ್ಲೋ ಹೋಗಿ ಹುಡುಕಬೇಕಾಗಿಲ್ಲ. ನಾವು ತಿಂಗಳು ತಿಂಗಳು ಕಳಿಸುವ ಆರ್ಡರ್ ಪಟ್ಟಿಯೇ ಅದನ್ನು ಹೇಳುತ್ತದೆ.

ಇದು ನಮ್ಮ ಮಟ್ಟದಲ್ಲಿ ಮಾತ್ರ ನಡೆಯುವುದೂ ಅಲ್ಲ. ಅಮೆಜಾನ್ ತನ್ನ ವೇದಿಕೆಯಲ್ಲಿ ಮಾರುವವರ ಒಳಗಿನ ಮಾಹಿತಿಯನ್ನು ತನ್ನ ಸ್ವಂತ ಮಾರಾಟಕ್ಕೆ ಬಳಸಿಕೊಳ್ಳುತ್ತಿದೆಯೇ ಎಂದು ಯುರೋಪಿಯನ್ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಕಮಿಷನ್ 2019ರ ಜುಲೈನಲ್ಲಿ ತನಿಖೆ ಶುರು ಮಾಡಿತು. ಹಾಗೆ ಬಳಸುವುದಿಲ್ಲ ಎಂದು ಅಮೆಜಾನ್ ಕೊಟ್ಟ ಮಾತನ್ನು 2022ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡು, ಅದನ್ನು ಕಟ್ಟುಪಾಡು ಮಾಡಿತು. ನಮ್ಮ ಸಪ್ಲೈಯರ್ ಮೇಲೆ ಅಂಥ ಕಣ್ಣಿಡುವವರು ಯಾರೂ ಇಲ್ಲ. ನಮ್ಮ ಕಾವಲು ನಾವೇ ಕಾಯಬೇಕು.

ನಾನು ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ. ಕೆಲವನ್ನು ತಡವಾಗಿ ಕಲಿತೆ. ಅವುಗಳನ್ನು ಎಲ್ಲಿ ಮಾಡಬೇಕಿತ್ತೋ ಅಲ್ಲಿಗೆ ಸೇರಿಸಿದ್ದೇನೆ.

ಹೆಜ್ಜೆ 1: ಮಾರುತ್ತಿರುವುದು ನಿಜವಾಗಿ ಯಾರು?

ಬೆಲೆ ಕಡಿಮೆ ಇದೆ ಅಂದ ಮಾತ್ರಕ್ಕೆ ಅದು ಸಪ್ಲೈಯರೇ ಆಗಿರಬೇಕಿಲ್ಲ. ನಿಮಗಿಂತ ಜಾಸ್ತಿ ಮಾಲು ಎತ್ತುವ ಇನ್ನೊಬ್ಬ ಮಾರಾಟಗಾರ ಇರಬಹುದು. ಅಂಗಡಿ ಮುಚ್ಚುವವರಿಂದ ಉಳಿದ ಸ್ಟಾಕ್ ಎತ್ತಿದವರು ಇರಬಹುದು. ಸಪ್ಲೈಯರ್ ಕೈಕೆಳಗಿನ ಡೀಲರ್ ಇರಬಹುದು. ಇಲ್ಲವೇ ಯಾರೋ ನಕಲಿ ಮಾಲು ಮಾರುತ್ತಿರಬಹುದು. ಪ್ರತಿಯೊಂದಕ್ಕೂ ಮದ್ದು ಬೇರೆ ಬೇರೆ. ಉಳಿದ ಸ್ಟಾಕ್ ಮಾರುವವರು ಖಾಲಿ ಮಾಡಿ ಹೋಗುತ್ತಾರೆ, ಅಲ್ಲಿಯವರೆಗೆ ಸುಮ್ನೆ ಕಾದರೆ ಸಾಕು. ನಕಲಿ ಮಾಲಾದರೆ ಸಪ್ಲೈಯರೇ ನಿಮ್ಮ ಪರ ನಿಲ್ಲುತ್ತಾರೆ.

ಆದ್ದರಿಂದ ಒಂದು ಪೀಸ್ ಆರ್ಡರ್ ಮಾಡಿ. ನಿಮ್ಮ ಹೆಸರಿನಲ್ಲಿ ಬೇಡ, ಮನೆಯವರದ್ದೋ ಸ್ನೇಹಿತರದ್ದೋ ವಿಳಾಸಕ್ಕೆ ತರಿಸಿ. ಬಂದ ಮೇಲೆ ಬಾಕ್ಸ್ ಹರಿಯಬೇಡಿ. ಮೊದಲು ಹೊರಗಿನ ಲೇಬಲ್‌ನಲ್ಲಿ ಕಳಿಸಿದವರ ವಿಳಾಸ, ರಿಟರ್ನ್ ವಿಳಾಸ ನೋಡಿ. ಆಮೇಲೆ ಬಿಲ್ ಮೇಲಿನ ಹೆಸರು, ತೆರಿಗೆ ನಂಬರ್ ನೋಡಿ. ಒಳಗೆ ಬ್ಯಾಚ್ ನಂಬರ್, ಬಾರ್‌ಕೋಡ್ ಇರುತ್ತದೆ. ಅದನ್ನು ನಿಮ್ಮ ಬಳಿ ಇರುವ ಪೀಸ್ ಜೊತೆ ಹೋಲಿಸಿ. ಪ್ಲಾಸ್ಟಿಕ್ ಮಾಲಾದರೆ ತಳದಲ್ಲಿ ಅಚ್ಚಿನ ಗುರುತು ಇರುತ್ತದೆ, ಪುಟ್ಟ ಅಂಕಿಯೋ ಅಕ್ಷರವೋ. ಅದು ಒಂದೇ ಇದ್ದರೆ ಒಂದೇ ಅಚ್ಚಿನಿಂದ ಬಂದ ಮಾಲು ಅನ್ನುವುದಕ್ಕೆ ಒಳ್ಳೆಯ ಸುಳಿವು. ಎಲ್ಲದರ ಫೋಟೋ ತೆಗೆದು ತಾರೀಖು ಹಾಕಿ ಇಡಿ. ಮುಂದೆ ಮಾತುಕತೆಗೆ ಕೂತಾಗ ಇದು ಬೇಕಾಗುತ್ತದೆ.

ಅವರು ನಿಮ್ಮದೇ ಪುಟಕ್ಕೆ ಬಂದು ಸೇರಿದ್ದಾರಾ, ಇಲ್ಲ ಬೇರೆ ಲಿಸ್ಟಿಂಗ್ ಮಾಡಿದ್ದಾರಾ ಎಂದೂ ನೋಡಿಕೊಳ್ಳಿ. ಅಮೆಜಾನ್‌ನಂಥ ವೇದಿಕೆಯಲ್ಲಿ ಒಂದೇ ಬಾರ್‌ಕೋಡ್ ಇರುವ ಮಾಲಿಗೆ ಒಂದೇ ಪುಟ. ಎಷ್ಟೇ ಮಾರಾಟಗಾರರಿದ್ದರೂ ಕೊಳ್ಳುವ ಬಟನ್ ಒಂದು ಹೊತ್ತಿಗೆ ಒಬ್ಬರದ್ದು. ಅದಕ್ಕೆ ಬೈ ಬಾಕ್ಸ್ ಅನ್ನುತ್ತಾರೆ. ಬೆಲೆ, ತಲುಪಿಸುವ ವೇಗ, ಮಾರಾಟಗಾರರ ದಾಖಲೆ ಎಲ್ಲ ನೋಡಿ ವೇದಿಕೆ ಅದನ್ನು ಕೊಡುತ್ತದೆ. ನೀವು ಕಷ್ಟಪಟ್ಟು ಗಳಿಸಿದ ರಿವ್ಯೂಗಳು ಆ ಪುಟಕ್ಕೆ ಸೇರಿದ್ದು, ನಿಮಗಲ್ಲ. ಸಪ್ಲೈಯರ್ ಅದೇ ಪುಟಕ್ಕೆ ಬಂದರೆ ಆ ರಿವ್ಯೂ ಅವರಿಗೂ ಪುಕ್ಕಟೆ.

ಹೆಜ್ಜೆ 2: ನಿಮ್ಮ ಲೆಕ್ಕ ಮಾತ್ರ ಅಲ್ಲ, ಅವರ ಲೆಕ್ಕವನ್ನೂ ಹಾಕಿ

ಇಡೀ ವಿಷಯದಲ್ಲಿ ನನಗೆ ಕಣ್ಣು ತೆರೆಸಿದ್ದು ಇದು. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಗಿರಾಕಿ ಕೊಡುವ ಬೆಲೆ 100 ಎಂದು ಇಟ್ಟುಕೊಳ್ಳಿ. ಮುಂದಿನವೆಲ್ಲ ಉದಾಹರಣೆಯ ಅಂಕಿಗಳು, ನಿಮ್ಮವನ್ನು ನೀವು ಹಾಕಿಕೊಳ್ಳಿ. ನಿಮ್ಮ ಹೋಲ್‌ಸೇಲ್ ರೇಟು 60. ವೇದಿಕೆಯ ಕಮಿಷನ್ 15, ಕೊರಿಯರ್ 12, ಪ್ಯಾಕಿಂಗ್ 2, ಜಾಹೀರಾತು 5, ರಿಟರ್ನ್‌ನಿಂದ ಆಗುವ ನಷ್ಟವನ್ನು ಪ್ರತಿ ಪೀಸಿಗೆ ಹಂಚಿದರೆ 3. ಎಲ್ಲ ಕಳೆದರೆ ನಿಮಗೆ ಉಳಿಯುವುದು 3. ಮಾರ್ಜಿನ್ 40 ಇದೆ ಎಂದು ನಾವು ಅಂದುಕೊಂಡಿರುತ್ತೇವೆ. ಕೈಗೆ ಬರುವುದು 3.

ಈಗ ಸಪ್ಲೈಯರ್ ಕಡೆ ಹೋಗಿ. ಅವರಿಗೆ ಆ ಮಾಲು 45ಕ್ಕೆ ಬೀಳುತ್ತದೆ ಎಂದುಕೊಳ್ಳಿ. ನಿಮಗೆ 60ಕ್ಕೆ ಕೊಟ್ಟರೆ ಅವರಿಗೆ 15 ಉಳಿಯುತ್ತದೆ. ಕಾರ್ಟನ್ ಎತ್ತಿ ಲಾರಿಗೆ ಹಾಕಿದರೆ ಮುಗಿಯಿತು. ಫೋನ್ ಇಲ್ಲ, ರಿಟರ್ನ್ ಇಲ್ಲ, ಒಂದು ಸ್ಟಾರ್ ರಿವ್ಯೂ ಇಲ್ಲ. ಅದೇ ಮಾಲನ್ನು ನಿಮ್ಮನ್ನು ಹಿಂದೆ ಹಾಕಲು 85ಕ್ಕೆ ನೇರ ಮಾರಿದರೆ? ಕಮಿಷನ್ ಶೇಕಡಾ 15ರಂತೆ 12.75. ಕೊರಿಯರ್, ಪ್ಯಾಕಿಂಗ್, ಜಾಹೀರಾತು, ರಿಟರ್ನ್ ನಿಮ್ಮಷ್ಟೇ, ಒಟ್ಟು 22. ಇವನ್ನು ಕಳೆದರೆ 50.25. ಅದರಲ್ಲಿ ಅಸಲು 45 ತೆಗೆಯಿರಿ. ಉಳಿದಿದ್ದು 5.25.

ಕೂತಲ್ಲೇ 15 ಬರುತ್ತಿದ್ದುದನ್ನು ಬಿಟ್ಟು, ಮೈಮುರಿದು ಕೆಲಸ ಮಾಡಿ 5.25 ತಗೊಂಡ ಹಾಗಾಯಿತು ಅಲ್ವಾ? 100ಕ್ಕೇ ಮಾರಿದರೂ ಅವರಿಗೆ ಸಿಗುವುದು 18. ಅಂದರೆ ಇಷ್ಟೆಲ್ಲ ಓಡಾಟಕ್ಕೆ ಹೋಲ್‌ಸೇಲ್‌ಗಿಂತ 3 ಮಾತ್ರ ಹೆಚ್ಚು.

ಹಾಗಿದ್ದರೂ ಅವರು ಯಾಕೆ ಮಾರುತ್ತಾರೆ? ಒಂದು, ಬಹಳ ಜನ ಈ ಲೆಕ್ಕ ಹಾಕಿರುವುದಿಲ್ಲ. ಹೋಲ್‌ಸೇಲ್ ಕಣ್ಣಿಗೆ 45ಕ್ಕೂ 85ಕ್ಕೂ ನಡುವೆ 40 ಕಾಣುತ್ತದೆ. ರಿಟರ್ನ್ ಮತ್ತು ಜಾಹೀರಾತಿನ ಖರ್ಚು ತಿಂಗಳ ಕೊನೆಗೆ ಬೇರೆ ಕಡೆಯಿಂದ ಬರುತ್ತದೆ. ಎರಡು, ಆ 5.25 ನಿಮ್ಮ ಆರ್ಡರ್ ಕಡಿಮೆ ಮಾಡದೆ ಬಂದಿದ್ದರೆ ಅದು ಅವರಿಗೆ ನಿಜವಾದ ಲಾಭ. ಈ ಎರಡನೇ ಮಾತು ಮುಖ್ಯ. ಅವರ ನೇರ ಮಾರಾಟ ನಿಮ್ಮ ಆರ್ಡರನ್ನೇ ತಿನ್ನುತ್ತಿದೆ ಅನ್ನೋದನ್ನು ಕಾಗದದ ಮೇಲೆ ತೋರಿಸಬೇಕು. ಅದಕ್ಕೆ ಕಳೆದ ವರ್ಷ ಮತ್ತು ಈ ವರ್ಷ ತಿಂಗಳುವಾರು ನೀವು ಅವರಿಂದ ಎಷ್ಟು ಪೀಸ್ ಎತ್ತಿದಿರಿ ಅನ್ನುವ ಒಂದು ಪುಟದ ಪಟ್ಟಿ ಮಾಡಿ.

ಮೂರನೇ ಕಾರಣವೂ ಇರುತ್ತದೆ. ಕೈಯಲ್ಲಿ ಸ್ಟಾಕ್ ಜಾಸ್ತಿ ಸಿಕ್ಕಿಹಾಕಿಕೊಂಡು ದುಡ್ಡು ಬೇಕಾಗಿರುತ್ತದೆ. ಹಾಗಿದ್ದಾಗ ಯಾವ ಲೆಕ್ಕವೂ ಅವರನ್ನು ತಡೆಯುವುದಿಲ್ಲ. ಆ ಸ್ಟಾಕನ್ನು ನೀವೇ ಕಡಿಮೆ ರೇಟಿಗೆ ಎತ್ತಲು ಸಾಧ್ಯವೇ ಎಂದು ಯೋಚಿಸಿ.

ಹೆಜ್ಜೆ 3: ಬೆಲೆ ಇಳಿಸುವುದನ್ನು ಇವತ್ತೇ ನಿಲ್ಲಿಸಿ

ಮೇಲಿನ ಲೆಕ್ಕದಲ್ಲಿ ನಿಮ್ಮ ಕೈಲಿರುವುದು 3. ನೀವು 95ಕ್ಕೆ ಇಳಿದರೆ ಕಮಿಷನ್ ಕಡಿಮೆಯಾದರೂ ಲಾಭ ಹೋಗಿ ನಷ್ಟ ಬರುತ್ತದೆ. ಅವರು 85ರಲ್ಲೂ ಉಸಿರಾಡುತ್ತಾರೆ. ಒಂದೇ ಮಾಲು, ಒಂದೇ ಪುಟ ಇದ್ದರೆ ಬೆಲೆಯಲ್ಲಿ ಸಪ್ಲೈಯರನ್ನು ಗೆಲ್ಲಲು ಆಗುವುದಿಲ್ಲ. ಈ ಮಾತನ್ನು ಎಷ್ಟು ಬೇಗ ಒಪ್ಪಿಕೊಂಡರೆ ಅಷ್ಟು ದುಡ್ಡು ಉಳಿಯುತ್ತದೆ. ನಾನು ಒಪ್ಪಿಕೊಳ್ಳಲು ಆರು ವಾರ ತಗೊಂಡೆ. ಆ ಆರು ವಾರ ಪ್ರತಿ ಲ್ಯಾಂಪ್ ಜೊತೆ ನನ್ನ ಜೇಬಿನಿಂದಲೂ ಸ್ವಲ್ಪ ಹೋಯಿತು.

ಬೆಲೆಯನ್ನು ತಾನಾಗಿ ಬದಲಿಸುವ ಸಾಫ್ಟ್‌ವೇರ್ ಹಾಕಿದ್ದರೆ ಅದಕ್ಕೊಂದು ತಳ ಕಟ್ಟಿ. ಅದಕ್ಕಿಂತ ಕೆಳಗೆ ಹೋಗಬಾರದು. ಎರಡೂ ಕಡೆ ಇಂಥದ್ದೇ ಇದ್ದರೆ ರಾತ್ರೋರಾತ್ರಿ ಒಂದನ್ನೊಂದು ಎಳೆದುಕೊಂಡು ಪಾತಾಳಕ್ಕೆ ಹೋಗುತ್ತವೆ. ಹೊಸ ಸ್ಟಾಕ್ ತರಿಸುವುದನ್ನು ನಿಲ್ಲಿಸಿ, ಇರುವುದನ್ನು ತಳದ ಬೆಲೆಗೆ ನಿಧಾನವಾಗಿ ಬಿಡಿ. ವೇದಿಕೆಯ ಗೋದಾಮಿನಲ್ಲಿ ಇಟ್ಟಿದ್ದರೆ ಹಳೆಯದಾದಷ್ಟೂ ಬಾಡಿಗೆ ಏರುತ್ತದೆ, ಅದರ ಮೇಲೆ ಕಣ್ಣಿರಲಿ.

ಹೆಜ್ಜೆ 4: ಎದುರು ಕೂತು ಮಾತಾಡಿ

ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ. ರಾತ್ರಿ ಹನ್ನೊಂದಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಖಾರದ ಮಾತು ಕಳಿಸಬೇಡಿ. ಆಗುವುದಾದರೆ ನೇರ ಹೋಗಿ, ಇಲ್ಲದಿದ್ದರೆ ಸಮಯ ಕೇಳಿಕೊಂಡು ಫೋನ್ ಮಾಡಿ. ಕೈಯಲ್ಲಿ ಆ ಒಂದು ಪುಟದ ಪಟ್ಟಿ ಇರಲಿ.

ನಾನು ಹೋದಾಗ ನಡೆದದ್ದು ಹೀಗೆ. ಪಟ್ಟಿ ಮೇಜಿನ ಮೇಲಿಟ್ಟೆ. "ಸಾರ್, ಹೋದ ವರ್ಷ ಈ ಮೂರು ತಿಂಗಳಲ್ಲಿ ನಾನು 600 ಲ್ಯಾಂಪ್ ಎತ್ತಿದ್ದೆ. ಈ ಸಲ 220" ಅಂದೆ. ಅವರು ಕಾಗದ ತಿರುಗಿಸಿ ನೋಡಿದರು. "ಆನ್‌ಲೈನ್ ಎಲ್ಲಾ ಮಗ ನೋಡ್ಕೊಳ್ತಾನೆ" ಅಂದರು. ನಾನು ಫೋಟೋ ವಿಷಯ ಎತ್ತಲಿಲ್ಲ. "ರಿಟರ್ನ್ ಬಂದ ಲ್ಯಾಂಪ್ ಎಲ್ಲಿಡ್ತೀರಿ ಸಾರ್?" ಎಂದು ಕೇಳಿದೆ. ಅವರು ಕಪಾಟಿನ ಹಿಂದೆ ಕೈ ತೋರಿಸಿದರು. ಬಾಯಿ ತೆರೆದ ಬಾಕ್ಸುಗಳು ಸೊಂಟದೆತ್ತರ ನಿಂತಿದ್ದವು. ಕೆಲವದರ ವಯರ್ ಹೊರಗೆ ನೇತಾಡುತ್ತಿತ್ತು. ಅವನ್ನು ಅವರೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು, "ಸರಿ, ಏನು ಮಾಡೋಣ ಹೇಳಿ" ಅಂದರು.

"ನೀವು ಮಾರೋದು ನಿಲ್ಲಿಸಿ" ಎಂದು ಕೇಳಬೇಡಿ. ಅದಕ್ಕೆ ಯಾರೂ ಹೂಂ ಅನ್ನುವುದಿಲ್ಲ, ಅಂದರೂ ಉಳಿಸಿಕೊಳ್ಳುವುದಿಲ್ಲ. ಅವರು ಕೊಡಲು ಆಗುವುದನ್ನು ಕೇಳಿ. ಒಂದು ಬಣ್ಣವೋ ಒಂದು ಮಾಡೆಲೋ ಆರು ತಿಂಗಳು ನಿಮಗೆ ಮಾತ್ರ. ಬದಲಿಗೆ ಇಷ್ಟು ಪೀಸ್ ಎತ್ತುತ್ತೇನೆ ಎಂದು ನೀವು ಮಾತು ಕೊಡಬೇಕು. ಅದು ಆಗದಿದ್ದರೆ, ಓಡದ ಸ್ಟಾಕ್ ವಾಪಸ್ ತಗೊಳ್ಳುವುದು. ಅದೂ ಆಗದಿದ್ದರೆ, ಹೆಚ್ಚಿನ ದಿನದ ಕ್ರೆಡಿಟ್. ನಿಮ್ಮ ಬಾಕ್ಸ್ ಒಳಗೆ ಅವರ ಫೋನ್ ನಂಬರ್ ಇರುವ ಕಾರ್ಡ್ ಹಾಕಬಾರದು ಅನ್ನೋದಕ್ಕೆ ಮಾತ್ರ ಪಟ್ಟು ಹಿಡಿಯಿರಿ. ಇದು ಅವರಿಗೆ ಒಂದು ಪೈಸೆ ಖರ್ಚಲ್ಲ, ನಿಮಗೆ ಗಿರಾಕಿಯನ್ನೇ ಉಳಿಸುತ್ತದೆ. ಒಪ್ಪಿಕೊಂಡಿದ್ದನ್ನೆಲ್ಲ ಅದೇ ದಿನ ಇಮೇಲ್‌ನಲ್ಲಿ ಬರೆದು ಕಳಿಸಿ, "ಸರಿ" ಎಂದು ಉತ್ತರ ಬರುವವರೆಗೆ ಬಿಡಬೇಡಿ.

ಇಲ್ಲೊಂದು ಎಚ್ಚರಿಕೆ. "ಇಬ್ಬರೂ ಇಷ್ಟಕ್ಕೇ ಮಾರೋಣ" ಎಂದು ಬೆಲೆ ಮಾತಾಡಿಕೊಳ್ಳುವುದು ಎಷ್ಟೋ ದೇಶಗಳಲ್ಲಿ ಕಾನೂನಿಗೆ ವಿರುದ್ಧ. ಸಪ್ಲೈಯರ್ ನಿಮಗೆ ಕನಿಷ್ಠ ಮಾರಾಟ ಬೆಲೆ ಕಟ್ಟುವುದನ್ನು ಅಮೆರಿಕದಲ್ಲಿ 1911ರ ಕೋರ್ಟ್ ತೀರ್ಪು ನೇರವಾಗಿ ನಿಷೇಧಿಸಿತ್ತು. 2007ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಸಡಿಲಿಸಿ, ಪ್ರತಿ ಪ್ರಕರಣವನ್ನೂ ಅದರ ಪರಿಣಾಮ ನೋಡಿ ತೂಗಬೇಕು ಅಂದಿತು. ಯುರೋಪಿಯನ್ ಒಕ್ಕೂಟದಲ್ಲಿ ಅದು ಈಗಲೂ ದೊಡ್ಡ ತಪ್ಪು. ಸಪ್ಲೈಯರೇ ಚಿಲ್ಲರೆಯಲ್ಲೂ ಮಾರುವ ಸಂದರ್ಭಕ್ಕೆಂದೇ ಆ ಒಕ್ಕೂಟ 2022ರ ನಿಯಮಗಳಲ್ಲಿ ಮಾತು ಸೇರಿಸಿದೆ. ಮುಂದೆ ಯಾವ ಬೆಲೆಗೆ ಮಾರುತ್ತೇವೆ, ಗಿರಾಕಿಗಳು ಯಾರು ಯಾರು ಅನ್ನುವಂಥ ಮಾಹಿತಿಯನ್ನು ಇಬ್ಬರೂ ಹಂಚಿಕೊಳ್ಳುವುದನ್ನು ಅದರ ಮಾರ್ಗಸೂಚಿ ಅನುಮಾನದಿಂದಲೇ ನೋಡುತ್ತದೆ. ಹಾಗಾಗಿ ಮಾತುಕತೆ ಮಾಡೆಲ್, ಪ್ರಮಾಣ, ಪ್ಯಾಕಿಂಗ್ ಸುತ್ತವೇ ಇರಲಿ. ಒಂದು ಮಾಡೆಲ್ ನಿಮಗೆ ಮಾತ್ರ ಎಂದು ಬರೆಸಿಕೊಳ್ಳುವ ಮುಂಚೆ ನಿಮ್ಮಲ್ಲಿನ ನಿಯಮ ಏನೆಂದು ವಕೀಲರನ್ನು ಒಮ್ಮೆ ಕೇಳಿ.

ಹೆಜ್ಜೆ 5: ಸೋರುವ ಕಡೆ ಮುಚ್ಚಿ

ಫೋಟೋದಿಂದ ಶುರು ಮಾಡಿ. 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಕಾಪಿರೈಟ್‌ಗೆ ನೋಂದಣಿ ಬೇಕಿಲ್ಲ. ನಿಮ್ಮ ಸ್ವಂತ ಫೋಟೋ ತೆಗೆದ ಕ್ಷಣದಿಂದ ನಿಮ್ಮದು. ಕೋರ್ಟಿಗೆ ಹೋಗುವ ಮಾತು ಬಂದರೆ ಅಮೆರಿಕದಂಥ ಕಡೆ ಅಲ್ಲಿನ ಕೃತಿಗಳಿಗೆ ನೋಂದಣಿ ಕೇಳುತ್ತಾರೆ, ಅದು ಬೇರೆ. ಕ್ಯಾಮೆರಾದಿಂದ ಬಂದ ಮೂಲ ಫೈಲ್ ಅಳಿಸಬೇಡಿ. ಅದರಲ್ಲಿರುವ ತಾರೀಖೇ ನಿಮ್ಮ ಸಾಕ್ಷಿ. ಫೋಟೋಗ್ರಾಫರ್ ಕೈಲಿ ತೆಗೆಸಿದ್ದರೆ ಹಕ್ಕು ನಿಮ್ಮದು ಎಂದು ಒಂದು ಸಾಲು ಬರೆಸಿಕೊಳ್ಳಿ. ಇಲ್ಲದಿದ್ದರೆ ಬಹಳ ಕಡೆ ಅದು ಅವರದ್ದಾಗಿಯೇ ಉಳಿಯುತ್ತದೆ.

ಫೋಟೋ ಮೇಲೆ ಹೆಸರು ಅಚ್ಚು ಹಾಕುವ ಉಪಾಯ ಮುಖ್ಯ ಚಿತ್ರಕ್ಕೆ ನಡೆಯುವುದಿಲ್ಲ, ಅಮೆಜಾನ್ ಅದನ್ನು ಒಪ್ಪುವುದಿಲ್ಲ. ಉಳಿದ ಫೋಟೋಗಳಲ್ಲಿ ನಿಮ್ಮ ಬಾಕ್ಸ್, ನಿಮ್ಮ ಕಾರ್ಡ್, ನೀವು ಸೇರಿಸಿದ ಭಾಗ ಕಾಣುವ ಹಾಗೆ ತೆಗೆಯಿರಿ. ಕದ್ದವರು ಹಾಕಿಕೊಂಡರೆ ಅವರ ಮಾಲಿಗೂ ಚಿತ್ರಕ್ಕೂ ತಾಳೆಯಾಗುವುದಿಲ್ಲ. ಕದ್ದಿದ್ದು ಕಂಡರೆ ವೇದಿಕೆಯಲ್ಲಿ ದೂರಿನ ಫಾರ್ಮ್ ಇರುತ್ತದೆ. ಸಪ್ಲೈಯರ್ ಜೊತೆ ವ್ಯವಹಾರ ಉಳಿಸಿಕೊಳ್ಳುವ ಆಸೆ ಇದ್ದರೆ ಮೊದಲು ಬಾಯಿಮಾತಲ್ಲಿ ಕೇಳಿ. ನನ್ನ ಹೆಬ್ಬೆರಳಿನ ಫೋಟೋ ಒಂದು ಫೋನ್ ಕರೆಯಲ್ಲಿ ಇಳಿಯಿತು.

ಫೋಟೋಗಿಂತ ದೊಡ್ಡ ತೂತು ಡ್ರಾಪ್‌ಶಿಪ್ಪಿಂಗ್, ಅಂದರೆ ಮಾಲು ನಿಮ್ಮ ಕೈಗೆ ಬರದೆ ಸಪ್ಲೈಯರೇ ನೇರ ಗಿರಾಕಿಗೆ ಕಳಿಸುವುದು. ನಿಮ್ಮ ಗಿರಾಕಿಯ ಹೆಸರು, ಫೋನ್, ವಿಳಾಸ ಎಲ್ಲ ದಿನಾ ಸಪ್ಲೈಯರ್ ಕೈಗೆ ಹೋಗುತ್ತದೆ. ಅದೂ ನೀವೇ ಟೈಪ್ ಮಾಡಿ ಕಳಿಸುತ್ತೀರಿ. ಮೆಲ್ಲಗೆ ಅದರಿಂದ ಹೊರಬನ್ನಿ. ಚೆನ್ನಾಗಿ ಓಡುವ ಎರಡು ಮೂರು ಮಾಲನ್ನಾದರೂ ತರಿಸಿ ನಿಮ್ಮಲ್ಲಿಂದಲೇ ಕಳಿಸಿ. ಕಾರ್ಟನ್ ಬಂದಾಗ ಪ್ರತಿ ಲಾಟ್‌ನಲ್ಲಿ ನಾಲ್ಕು ಬಾಕ್ಸ್ ಬಿಚ್ಚಿ ನೋಡಿ. ನನಗೆ ಒಮ್ಮೆ ಲ್ಯಾಂಪ್‌ನ ತಳಕ್ಕೆ ಅಂಟಿಸಿದ್ದ ಸ್ಟಿಕ್ಕರ್ ಸಿಕ್ಕಿತು, ನೇರ ಆರ್ಡರ್‌ಗೆ ಸಂಪರ್ಕಿಸಿ ಎಂದು ಬರೆದಿತ್ತು. ಆವತ್ತು ರಾತ್ರಿ ಹೇರ್ ಡ್ರೈಯರ್ ಹಿಡಿದು 140 ಸ್ಟಿಕ್ಕರ್ ಕಿತ್ತೆವು.

ಹೆಜ್ಜೆ 6: ಅದೇ ಮಾಲು ಆಗಿರದಂತೆ ಮಾಡಿ

ಇದುವರೆಗಿನದ್ದು ಗಾಯಕ್ಕೆ ಪಟ್ಟಿ. ಕೈ ಗಟ್ಟಿಯಾಗುವುದು ಇಲ್ಲಿ. ಗಿರಾಕಿ ಎರಡು ಪುಟ ಪಕ್ಕಪಕ್ಕ ತೆರೆದಾಗ ಎರಡೂ ಒಂದೇ ಎಂದು ಕಂಡರೆ ಕಡಿಮೆ ಬೆಲೆಯದ್ದನ್ನೇ ತಗೊಳ್ಳುತ್ತಾರೆ. ಅದು ಅವರ ತಪ್ಪಲ್ಲ. ಒಂದೇ ಅಲ್ಲ ಅನ್ನುವ ಹಾಗೆ ಮಾಡುವುದು ನಮ್ಮ ಕೆಲಸ.

ಎಲ್ಲಿಂದ ಶುರು ಮಾಡಬೇಕು? ರಿವ್ಯೂಗಳಿಂದ. ನಿಮ್ಮದೂ ಸೇರಿ, ಅದೇ ಥರದ ಮಾಲು ಮಾರುವ ಎಲ್ಲರ ಒಂದು, ಎರಡು, ಮೂರು ಸ್ಟಾರ್ ರಿವ್ಯೂ ಓದಿ. ನೂರು ಓದಿದರೆ ಸಾಕು, ಮೂರೋ ನಾಲ್ಕೋ ದೂರು ಮತ್ತೆ ಮತ್ತೆ ಬರುತ್ತವೆ. ನನ್ನ ಲ್ಯಾಂಪ್‌ಗೆ ಎರಡು ಬಂದವು. ವಯರ್ ಗಿಡ್ಡ. ಮೇಜಿನ ಮೇಲೆ ಅಲುಗಾಡುತ್ತದೆ. ಒಂದು ಲ್ಯಾಂಪ್ ತಿರುಗಿಸಿ ಬೆರಳಾಡಿಸಿದೆ. ತಳದ ಪ್ಲಾಸ್ಟಿಕ್‌ನಲ್ಲಿ ಒಂದು ಕಡೆ ಕೂದಲಷ್ಟು ಉಬ್ಬು, ಅಚ್ಚಿನಿಂದ ಬಂದ ಗೀರು. ಅಷ್ಟಕ್ಕೇ ಅಲುಗಾಟ. ನಾಲ್ಕು ಪುಟ್ಟ ರಬ್ಬರ್ ಕಾಲು ಅಂಟಿಸಿದೆವು, ಲ್ಯಾಂಪ್ ನೆಟ್ಟಗೆ ನಿಂತಿತು. ಆ ಕಾಲುಗಳಿಗೆ ಆದ ಖರ್ಚು ಒಂದು ರಿಟರ್ನ್‌ನ ಕೊರಿಯರ್ ಖರ್ಚಿನ ಮುಂದೆ ಏನೂ ಅಲ್ಲ.

ಇದನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ. ಮೊದಲು ಜೋಡಿ ಮಾಡಿ ಮಾರಿ. ಲ್ಯಾಂಪ್, ಉದ್ದ ವಯರ್, ವಯರ್ ಹಿಡಿಯುವ ಕ್ಲಿಪ್, ಮೂರೂ ಒಂದೇ ಬಾಕ್ಸ್‌ನಲ್ಲಿ. ಗಿರಾಕಿಗೆ ನಿಜವಾಗಿ ಬೇಕಾದದ್ದನ್ನೇ ಸೇರಿಸಿ. ಸುಮ್ನೆ ಏನೋ ಒಂದು ತುರುಕಿದರೆ ರಿವ್ಯೂನಲ್ಲಿ ಬೈಸಿಕೊಳ್ಳುತ್ತೀರಿ. ಈ ಜೋಡಿಗೆ ಹೊಸ ಬಾರ್‌ಕೋಡ್, ಹೊಸ ಪುಟ. ಬಾರ್‌ಕೋಡನ್ನು ಜಿಎಸ್‌1 ಸಂಸ್ಥೆಯಿಂದಲೇ ತಗೊಳ್ಳಿ. ಅಗ್ಗಕ್ಕೆ ಸಿಗುವ ಮರುಮಾರಾಟದ ನಂಬರ್‌ಗಳು ಬೇರೆಯವರ ಹೆಸರಿನಲ್ಲಿರುತ್ತವೆ. ಅಮೆಜಾನ್ ಜಿಎಸ್‌1 ದಾಖಲೆ ಜೊತೆ ತಾಳೆ ನೋಡುತ್ತದೆ, ಹೊಂದದಿದ್ದರೆ ಲಿಸ್ಟಿಂಗ್ ಹೋಗುತ್ತದೆ.

ಆಮೇಲೆ ಸಣ್ಣ ಬದಲಾವಣೆ. ಕಾರ್ಖಾನೆಯಲ್ಲೇ ಉದ್ದ ವಯರ್ ಹಾಕಿಸುವುದು, ಬೇರೆ ಬಣ್ಣ, ಚೆನ್ನಾಗಿ ಬರೆದ ಸೂಚನೆಯ ಹಾಳೆ. ಅದಾದ ಮೇಲೆ ಪ್ರೈವೇಟ್ ಲೇಬಲ್, ಅಂದರೆ ಬೇರೆಯವರು ತಯಾರಿಸಿದ ಮಾಲನ್ನು ನಿಮ್ಮ ಬ್ರ್ಯಾಂಡ್ ಹೆಸರಿನಲ್ಲಿ ಮಾರುವುದು.

ಇಲ್ಲಿಗೆ ಬಂದ ಮೇಲೆ ಟ್ರೇಡ್‌ಮಾರ್ಕ್ ಬೇಕು. ಅರ್ಜಿ ನಿಮ್ಮ ಹೆಸರಿನಲ್ಲಿರಲಿ. "ನಾವೇ ಮಾಡಿಸಿಕೊಡ್ತೀವಿ" ಎಂದು ಸಪ್ಲೈಯರ್ ಪ್ರೀತಿಯಿಂದ ಹೇಳಿದರೂ ಬೇಡ. ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ 45 ವರ್ಗಗಳಿವೆ, 34 ಸರಕಿಗೆ, 11 ಸೇವೆಗೆ. ನಿಮ್ಮ ಮಾಲು ಯಾವುದರಲ್ಲಿ ಬರುತ್ತದೆ ನೋಡಿಕೊಂಡು ಹಾಕಿ. ಹೆಚ್ಚಿನ ದೇಶಗಳಲ್ಲಿ 10 ವರ್ಷಕ್ಕೊಮ್ಮೆ ನವೀಕರಣ. ಟ್ರೇಡ್‌ಮಾರ್ಕ್ ನೋಂದಾಯಿಸಿದ ದೇಶದಲ್ಲಿ ಮಾತ್ರ ನಡೆಯುತ್ತದೆ. ಚೀನಾದಲ್ಲಿ ಮಾಡಿಸುತ್ತಿದ್ದರೆ ಅಲ್ಲೂ ಅರ್ಜಿ ಹಾಕಿ, ಯಾಕಂದರೆ ಅಲ್ಲಿ ಸಾಮಾನ್ಯವಾಗಿ ಮೊದಲು ಅರ್ಜಿ ಹಾಕಿದವರಿಗೇ ಹೆಸರು. ಟ್ರೇಡ್‌ಮಾರ್ಕ್ ಕೈಗೆ ಬಂದರೆ ಅಮೆಜಾನ್‌ನ ಬ್ರ್ಯಾಂಡ್ ರಿಜಿಸ್ಟ್ರಿಗೆ ಸೇರಬಹುದು. ನಿಮ್ಮ ಪುಟದ ಬರಹ, ಚಿತ್ರಗಳ ಮೇಲೆ ಹಿಡಿತ ಸಿಗುತ್ತದೆ, ನಿಮ್ಮ ಹೆಸರು ಬಳಸಿದವರ ಮೇಲೆ ದೂರು ಕೊಡುವುದು ಸುಲಭವಾಗುತ್ತದೆ.

ಎರಡು ಮಾತು ಮರೆಯಬೇಡಿ. ಅಚ್ಚಿಗೆ ನೀವು ದುಡ್ಡು ಕೊಟ್ಟಿದ್ದರೆ ಅಚ್ಚು ಯಾರದ್ದು, ಅದರಲ್ಲಿ ಬೇರೆಯವರಿಗೆ ಮಾಡಿಕೊಡಬಹುದೇ ಅನ್ನೋದು ಕಾಗದದಲ್ಲಿರಬೇಕು. ಬಳಸಬೇಡ, ಬಹಿರಂಗ ಮಾಡಬೇಡ, ನಮ್ಮನ್ನು ದಾಟಿ ನಮ್ಮ ಗಿರಾಕಿ ಬಳಿ ಹೋಗಬೇಡ ಎಂದು ಮೂರನ್ನೂ ಹೇಳುವ ಒಪ್ಪಂದಕ್ಕೆ ಎನ್‌ಎನ್‌ಎನ್ ಅನ್ನುತ್ತಾರೆ. ಚೀನಾದ ಕಾರ್ಖಾನೆ ಜೊತೆಗಾದರೆ ಅದನ್ನು ಚೀನೀ ಭಾಷೆಯಲ್ಲಿ, ಅಲ್ಲಿನ ಕೋರ್ಟಿನಲ್ಲಿ ನಡೆಯುವ ಹಾಗೆ ಬರೆಸಬೇಕು. ಇನ್ನೊಂದು, ಬಾಕ್ಸ್ ಮೇಲೆ ನಿಮ್ಮ ಹೆಸರು ಬಂತೆಂದರೆ ಎಷ್ಟೋ ದೇಶಗಳ ಕಾನೂನಿನ ಕಣ್ಣಿಗೆ ತಯಾರಕರು ನೀವೇ. ವಯರ್ ಸುಟ್ಟರೆ ಉತ್ತರ ಕೊಡಬೇಕಾದವರೂ ನೀವೇ. ಸುರಕ್ಷತಾ ಪರೀಕ್ಷೆಯ ವರದಿ ಕೈಗೆ ಬರದೆ ಹೆಸರು ಅಚ್ಚು ಹಾಕಿಸಬೇಡಿ.

ಹೆಜ್ಜೆ 7: ಎರಡನೇ ಸಪ್ಲೈಯರ್

ಮೊದಲಿನವರ ಜೊತೆ ಎಲ್ಲ ಸರಿಹೋದರೂ ಇದನ್ನು ಮಾಡಿ. ಹೊಸಬರನ್ನು ಹುಡುಕುವಾಗ ಮೊದಲ ಪ್ರಶ್ನೆಯೇ "ನೀವು ಚಿಲ್ಲರೆಯಲ್ಲಿ ಮಾರುತ್ತೀರಾ? ಆನ್‌ಲೈನ್‌ನಲ್ಲಿ ಯಾವ ಹೆಸರಿನಲ್ಲಿ?" ಎಂದಿರಲಿ. ಇಲ್ಲ ಅಂದರೂ ಅವರ ಬ್ರ್ಯಾಂಡ್ ಹೆಸರು, ವಿಳಾಸ ಹಾಕಿ ನೀವೇ ಹುಡುಕಿ. ನಾನು ಮೊದಲ ಸಲ ಈ ಪ್ರಶ್ನೆ ಕೇಳಲೇ ಇಲ್ಲ. ಕೇಳಿದ್ದರೆ ಬಹುಶಃ ನಿಜವನ್ನೇ ಹೇಳುತ್ತಿದ್ದರು.

ಇಬ್ಬರು ವ್ಯಾಪಾರಿಗಳು ಒಂದೇ ಕಾರ್ಖಾನೆಯ ಮಾಲು ಕೊಡುತ್ತಿರಬಹುದು. ಸ್ಯಾಂಪಲ್‌ನ ತಳದ ಅಚ್ಚಿನ ಗುರುತು ಇಲ್ಲೂ ನೋಡಿ. ಕನಿಷ್ಠ ಆರ್ಡರ್ ಪ್ರಮಾಣ ಜಾಸ್ತಿ ಹೇಳಿದರೆ ಮೊದಲ ಸಲಕ್ಕೆ ಸ್ವಲ್ಪ ಹೆಚ್ಚು ರೇಟು ಕೊಟ್ಟಾದರೂ ಚಿಕ್ಕ ಲಾಟ್ ಎತ್ತಿ. ಅಗ್ಗ ಎಂದು ದೊಡ್ಡ ಲಾಟ್ ಎತ್ತಿ ಅರ್ಧ ಡೆಡ್ ಸ್ಟಾಕ್ ಆದರೆ ಆ ಅಗ್ಗದಲ್ಲಿ ಏನೂ ಉಳಿಯುವುದಿಲ್ಲ.

ಹೆಜ್ಜೆ 8: ಅವರಿಗೆ ಬೇಡವಾದ ಕೆಲಸವನ್ನು ಚೆನ್ನಾಗಿ ಮಾಡಿ

ಹೋಲ್‌ಸೇಲ್ ಮಾಡುವವರಿಗೆ ಕಾರ್ಟನ್ ಭಾಷೆ ಬರುತ್ತದೆ. ಒಂದೊಂದು ಪೀಸಿನ ಭಾಷೆ ಅವರಿಗೆ ಬೇಸರ. "ಈ ಬಲ್ಬ್ ಹೋದರೆ ಯಾವುದು ಹಾಕಬೇಕು?" ಎಂದು ಕೇಳಿದ ಗಿರಾಕಿಗೆ ಹತ್ತು ನಿಮಿಷದಲ್ಲಿ ಉತ್ತರ ಬಂದರೆ ಅವರು ಕೊಳ್ಳುವುದು ನಿಮ್ಮಲ್ಲೇ. ಬಿಡಿ ಭಾಗ ಇಟ್ಟುಕೊಳ್ಳಿ. ಮುರಿದ ಕ್ಲಿಪ್‌ಗೆ ಇಡೀ ಲ್ಯಾಂಪ್ ವಾಪಸ್ ತರಿಸುವ ಬದಲು ಕ್ಲಿಪ್ ಮಾತ್ರ ಕಳಿಸಿ. ಇಪ್ಪತ್ತು ಮೂವತ್ತು ಪೀಸ್ ಒಟ್ಟಿಗೆ ಬೇಕಾದ ಆಫೀಸು, ಹಾಸ್ಟೆಲ್‌ಗಳಿರುತ್ತವೆ. ಹೋಲ್‌ಸೇಲ್‌ಗೆ ಅದು ತೀರಾ ಚಿಕ್ಕದು, ನಮಗೆ ಅದೇ ಒಂದು ವಾರದ ಮಾರಾಟ.

ಗಿರಾಕಿಯನ್ನು ನಿಮ್ಮ ಸ್ವಂತ ವೆಬ್‌ಸೈಟ್‌ಗೆ ಕರೆದುಕೊಳ್ಳುವ ಆಸೆ ಸಹಜ. ಆದರೆ ವೇದಿಕೆಯಿಂದ ಬಂದ ಆರ್ಡರ್‌ನ ಬಾಕ್ಸ್‌ನಲ್ಲಿ "ಮುಂದಿನ ಸಲ ನಮ್ಮ ಸೈಟ್‌ಗೆ ಬನ್ನಿ" ಎಂದು ಚೀಟಿ ಹಾಕಬೇಡಿ. ಅಮೆಜಾನ್‌ನಂಥ ಕಡೆ ಅದು ನಿಯಮ ಮೀರಿದ ಹಾಗೆ, ಖಾತೆಯೇ ಹೋಗಬಹುದು. ಸ್ವಂತ ಸೈಟ್‌ನ ಗಿರಾಕಿಯನ್ನು ಬೇರೆ ದಾರಿಯಿಂದ, ನಿಧಾನವಾಗಿ ಕಟ್ಟಿಕೊಳ್ಳಿ.

ಹೆಜ್ಜೆ 9: ಯಾವಾಗ ಬಿಡಬೇಕು

ಎಲ್ಲ ಖರ್ಚು ಕಳೆದು ಎರಡು ತಿಂಗಳು ಸತತ ಏನೂ ಉಳಿಯದಿದ್ದರೆ, ಸಪ್ಲೈಯರ್ ಯಾವುದಕ್ಕೂ ಒಪ್ಪದಿದ್ದರೆ, ಮಾಲನ್ನು ಬದಲಿಸಲೂ ಆಗದಿದ್ದರೆ, ಆ ಮಾಲು ಬಿಡಿ. ಉಳಿದದ್ದನ್ನು ಜೋಡಿ ಮಾಡಿ ಖಾಲಿ ಮಾಡಿ. ಮಾಲು ಬಿಡುವುದು ಬೇರೆ, ಮನುಷ್ಯರನ್ನು ಬಿಡುವುದು ಬೇರೆ. ಬಾಕಿ ಪೂರ್ತಿ ಚುಕ್ತಾ ಮಾಡಿ, ಒಳ್ಳೆ ಮಾತಲ್ಲೇ ಬನ್ನಿ.

ಯಾಕಂದರೆ ನೇರ ಮಾರಾಟಕ್ಕೆ ಹೋದವರು ವಾಪಸ್ ಬರುವುದೂ ಉಂಟು. ಶೂ ಮಾರುವ ನೈಕಿ ಕಂಪನಿ 2017ರಿಂದ ಗಿರಾಕಿಗೆ ನೇರ ಮಾರುವುದಕ್ಕೆ ಒತ್ತು ಕೊಟ್ಟು, ಎಷ್ಟೋ ಅಂಗಡಿಗಳಿಗೆ ಮಾಲು ಕೊಡುವುದನ್ನು ನಿಲ್ಲಿಸಿತು. 2023ರಲ್ಲಿ ಅಮೆರಿಕದ ಮೇಸಿಸ್ ಮತ್ತು ಡಿಎಸ್‌ಡಬ್ಲ್ಯೂ ಅಂಗಡಿಗಳಿಗೆ ಮತ್ತೆ ಮಾಲು ಕೊಡಲು ಶುರು ಮಾಡಿತು. ಅಷ್ಟು ದೊಡ್ಡವರಿಗೂ ನಡುವಿನವರು ಬೇಕಾದರು.

ನನ್ನ ಸಪ್ಲೈಯರ್ ಉದ್ದ ವಯರ್ ಇರುವ ಲ್ಯಾಂಪನ್ನು ಒಂದು ವರ್ಷ ನನಗೆ ಮಾತ್ರ ಕೊಡಲು ಒಪ್ಪಿದರು. ಗಿಡ್ಡ ವಯರಿನದ್ದನ್ನು ಅವರ ಮಗ ಈಗಲೂ ಮಾರುತ್ತಾನೆ, ಕಪಾಟಿನ ಹಿಂದಿನ ಬಾಕ್ಸುಗಳನ್ನು ಸರಿಮಾಡಲು ಒಬ್ಬ ಹುಡುಗನನ್ನು ಇಟ್ಟುಕೊಂಡಿದ್ದಾನೆ. ನಮ್ಮ ಕಾಗದ ಮುಂದಿನ ತಿಂಗಳು ಮುಗಿಯುತ್ತದೆ. ಹೊಸ ಪಟ್ಟಿ ಪ್ರಿಂಟ್ ಮಾಡಿ ಇಟ್ಟಿದ್ದೇನೆ. ಎರಡನೇ ಸಪ್ಲೈಯರ್ ಕಳಿಸಿದ ಸ್ಯಾಂಪಲ್ ಇಲ್ಲೇ ಮೇಜಿನ ಮೇಲೆ ಉರಿಯುತ್ತಿದೆ, ಅದರ ವಯರ್ ಎಷ್ಟು ಬಿಸಿಯಾಗುತ್ತದೆ ಎಂದು ಗಂಟೆಗೊಮ್ಮೆ ಮುಟ್ಟಿ ನೋಡುತ್ತಿದ್ದೇನೆ.